ದೈವದೆದುರು ಕೊಟ್ಟ ಮಾತು

ನನ್ನ ಗಂಡ ಹೊಡೆಯುತ್ತಾನೆಂದು ಬೆಳ್ಮಣ್ಣಿನ ನಮ್ಮ ಬದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಅದೇನೂ ಸುದ್ದಿಯಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆತ, ಕಡಿಮೆಯಾದರೂ ಹೊಡೆತ. ಉಪ್ಪು ಸರಿಯಾಗಿದ್ದ ದಿನ ನಾನು ಎದುರು ನಿಂತದ್ದೇ ತಪ್ಪು. ಅತ್ತೆ ಒಳಗಿನಿಂದ "ಸಾಕು ಮಾರಾಯ, ಮಗು ಎದ್ದೀತು" ಎನ್ನುತ್ತಿದ್ದರು. ಅವರ ಕನಿಕರ ಅಷ್ಟಕ್ಕೇ ಮುಗಿಯುತ್ತಿತ್ತು.

ಒಂದು ಸಲ ತುಟಿ ಒಡೆದಾಗ ಕೈಕೂಸನ್ನು ಎತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿ ತವರಿಗೆ ಹೋದೆ. ನಮ್ಮಲ್ಲಿ ಮನೆಗೆ ಸೋದರಮಾವನೇ ಯಜಮಾನ. ಮಾವ ನನ್ನ ಮುಖ ನೋಡಿ ಹೆಚ್ಚೇನೂ ಕೇಳಲಿಲ್ಲ. ಅಂಗಿ ಹಾಕಿಕೊಂಡು ಗಂಡನ ಕಡೆಯ ಗುರಿಕಾರರಲ್ಲಿಗೆ, ಅಂದರೆ ಆ ಊರಿನ ನಮ್ಮ ಜಾತಿಯ ಹಿರಿಯರಲ್ಲಿಗೆ ಹೊರಟರು. ಪೊಲೀಸು, ಕೋರ್ಟು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮಾನಸ್ಥರಲ್ಲವೇ ನಾವು.

ನ್ಯಾಯ ಆದದ್ದು ಗಂಡನ ಕುಟುಂಬದ ದೈವದ ಎದುರು. ಅವನು ಮಿಂದು, ಬಿಳಿ ಮುಂಡು ಉಟ್ಟು, ಕೈಮುಗಿದು "ಇನ್ನು ಇವಳ ಮೇಲೆ ಕೈ ಮಾಡುವುದಿಲ್ಲ" ಎಂದ. ಗುರಿಕಾರರು ಗಂಧ ಕೊಟ್ಟರು. "ಇದು ಮನುಷ್ಯರ ಎದುರಿನ ಮಾತಲ್ಲ. ಇನ್ನು ನೀನು ಹೆದರುವುದು ಎಂತಕ್ಕೆ?" ಎಂದು ನನಗೆ ಹೇಳಿದರು. ನನಗೂ ನಂಬಿಕೆ ಇತ್ತು. ಅಂದು ಹೊಟ್ಟೆ ತುಂಬ ಉಂಡೆ.

ಆ ಮಳೆಗಾಲ ದಾಟುವ ತನಕ ಅವನ ಕೈ ಸುಮ್ಮನಿತ್ತು. ಆಮೇಲೊಂದು ಮಧ್ಯಾಹ್ನ ಎಡಕಿವಿಗೆ ಬಿತ್ತು. ಕಿವಿಯೊಳಗೆ ಗುಂಯ್ ಎಂದದ್ದು ನಿಲ್ಲಲೇ ಇಲ್ಲ. ಮಾವನಿಗೆ ಹೇಳುತ್ತೇನೆ ಎಂದೆ. ಅತ್ತೆ ಹತ್ತಿರ ಬಂದು, ಸ್ವರ ಏರಿಸದೆ ಹೇಳಿದರು:

"ಹೇಳು. ಅವನು ಮಾತು ತಪ್ಪಿದ ಅಂತ ನಿನ್ನ ಬಾಯಿಂದಲೇ ಬರಲಿ. ದೈವ ಮುನಿದರೆ ಮೊದಲು ಹಿಡಿಯುವುದು ಸಣ್ಣ ಜೀವವನ್ನು. ನಿನ್ನ ಮಗು, ನೀನೇ ಯೋಚನೆ ಮಾಡು."

ನಾನು ಬಾಯಿ ಮುಚ್ಚಿದೆ. ಮೊದಲು ಹೊಡೆತ ಮಾತ್ರ ಇತ್ತು. ಈಗ ಅದನ್ನು ಅಡಗಿಸಿಡುವ ಕೆಲಸವೂ ನನ್ನ ತಲೆಗೇ ಬಂತು. ಮಗುವಿನ ಮೈ ಸ್ವಲ್ಪ ಬೆಚ್ಚಗಾದರೂ, ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ದೈವಕ್ಕೆ ತಿಳಿಯಿತೇನೋ ಎಂದು ನಡುಗುತ್ತಿದ್ದೆ. ಹಬ್ಬಕ್ಕೆ ತವರಿಗೆ ಹೋಗುವಾಗ ಉದ್ದ ತೋಳಿನ ರವಿಕೆ ಹಾಕಿಕೊಳ್ಳುತ್ತಿದ್ದೆ. ಹೀಗೆಯೇ ಮಗಳು ನಡೆಯಲು ಕಲಿತಳು, ಮಾತು ಕಲಿತಳು.

ಪಕ್ಕದ ಬ್ಯಾರಿ ಮುಸಲ್ಮಾನರ ಮನೆಯ ಅಕ್ಕನ ಗಂಡ ದುಬೈಯಲ್ಲಿದ್ದ. ಮಧ್ಯಾಹ್ನ ನಾವಿಬ್ಬರೂ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಒಂದು ದಿನ ಎಡಗಡೆಯಿಂದ ಮತ್ತೆ ಮತ್ತೆ ಕರೆದರೂ ನಾನು ತಿರುಗದಿದ್ದಾಗ ಅವಳು ಕೈಯಲ್ಲಿದ್ದ ಬೀಡಿಯನ್ನು ಕೆಳಗಿಟ್ಟಳು. ಕಿವಿಗೆ ಏನಾಯಿತೆಂದು ಕೇಳಿದಳು.

"ನಾನು ಹೇಳಬಾರದು ಅಕ್ಕ. ದೈವದ ವಿಷಯ ಉಂಟು. ನನ್ನ ಬಾಯಿಂದ ಬಂದರೆ ಮಗುವಿಗೆ ಕೇಡು" ಎಂದೆ.

"ನಿನ್ನ ಬಾಯಿಂದ ಬರುವುದು ಬೇಡ. ಬೇಲಿಯ ಈಚೆಯಿಂದ ದಿನಾ ಕೇಳುವವಳು ನಾನು. ನಿಮ್ಮ ದೈವದ ಎದುರು ನಾನೇನೂ ನಿಂತಿಲ್ಲ, ಅಲ್ವಾ? ನಾನು ಹೇಳಿದರೆ ನಿನ್ನ ಮಗುವಿಗೆ ಎಂತ ಆಗುವುದು?"

ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ, ಗುರುತಿಲ್ಲದ ಮನೆಯನ್ನು ವಿಚಾರಿಸಿಕೊಂಡು ಹೋಗಿ, ಮಾವನಿಗೆ ಎಲ್ಲವನ್ನೂ ಹೇಳಿ ಬಂದಳು. ಸಂಜೆಯೊಳಗೆ ಮಾವ ನಮ್ಮ ಅಂಗಳದಲ್ಲಿದ್ದರು. ಈ ಸಲ ಗುರಿಕಾರರನ್ನು ಕರೆಯಲಿಲ್ಲ. "ಬಟ್ಟೆ ಕಟ್ಟು" ಎಂದರು, ಅಷ್ಟೇ. ನಾನು ಮಗಳ ಕೈ ಹಿಡಿದುಕೊಂಡು ಹೊರಟೆ. ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಅಮ್ಮನ ಜೊತೆ ಮಣಿಪಾಲದ ಆಸ್ಪತ್ರೆಗೆ ಹೋಗಿ ಡಾಕ್ಟರರಿಗೆ ಕಿವಿ ತೋರಿಸಿದೆ. ತುಂಬ ತಡವಾಗಿದೆ, ಇನ್ನು ಕೇಳಿಸಲಾರದು ಎಂದರು. ಹಿಂದಿರುಗುವ ಬಸ್ಸಿನಲ್ಲಿ, ಹಿರಿಯಡ್ಕ ದಾಟಿದ ಮೇಲೆ, ಅಮ್ಮ ಎದ್ದು ನನ್ನ ಬಲಕ್ಕೆ ಬಂದು ಕುಳಿತಳು.

"ನೀನು ಬಂದಾಗಲೆಲ್ಲ ನಿನ್ನ ಮುಖ ನೋಡಿ ಕೇಳಬೇಕು ಅಂತ ಇತ್ತು" ಎಂದಳು. "ದೈವದ ಎದುರು ಆದದ್ದನ್ನು ನಾನೇ ಸಂಶಯಪಟ್ಟರೆ ಮಗುವಿಗೆ ಎಂತಾದರೂ ಆದೀತು ಅಂತ ಹೆದರಿಕೆ. ಅದಕ್ಕೆ ಕೇಳಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವಳನ್ನು ಏನೆಂದು ಬೈಯಲಿ? ಅದೇ ಹೆದರಿಕೆಗೆ ನಾನೂ ಪ್ರತಿ ಹಬ್ಬದಲ್ಲಿ ಅವಳೆದುರು ನಗುತ್ತಾ ಕುಳಿತು, ಇನ್ನೂ ಸ್ವಲ್ಪ ಪಾಯಸ ಬಡಿಸು ಎಂದವಳು.