ಬೇಗ ಮಾತು ಕೇಳಿದ ಕಲ್ಲು

ಬೀಸುವ ಕಲ್ಲಿನ ಗೂಟ ಹಿಡಿದು ಎಷ್ಟು ಎಳೆದರೂ ಕಲ್ಲು ಅಲುಗದಷ್ಟು ನಾನು ಚಿಕ್ಕವಳಿದ್ದಾಗ, ನಮ್ಮ ಮನೆ ಬೂದಿಗೆರೆ ಹತ್ತಿರದ ಹಳ್ಳಿಯಲ್ಲಿತ್ತು. ಯುದ್ಧದ ಕಾಲ. ಪ್ರಾಯದ ಕಲ್ಲುಕುಟಿಗರೆಲ್ಲ ಸೈನ್ಯದ ಕಟ್ಟಡ ಕೆಲಸಕ್ಕೆ ದೂರ ಹೋಗಿದ್ದರು. ಆಗಲೇ ನಮ್ಮ ಬೀಸುವ ಕಲ್ಲು ಸೀಳಿತು. ಅಪ್ಪ ಹೊಲದ ಬದುವಿನಲ್ಲಿದ್ದ ಒಂದು ಕಲ್ಲುಗುಂಡನ್ನು ಗಾಡಿಯಲ್ಲಿ ತಂದು, ಉಳಿ ಸುತ್ತಿಗೆ ಹಿಡಿದು ತಾವೇ ಹೊಸ ಕಲ್ಲು ಮಾಡಿದರು. ಎರಡೇ ದಿನದ ಕೆಲಸ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ.

ಒಂದು ವಾರ ಆ ಕಲ್ಲಿನ ಹಿಟ್ಟಿನದೇ ಮುದ್ದೆ ಉಂಡೆವು. ಸೊಪ್ಪಿನ ಸಾರಿನಲ್ಲಿ ಅದ್ದಿ ಗುಳುಕ್ಕೆಂದು ನುಂಗಿದೆವು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಬಾಣಂತನಕ್ಕೆ ಬಂದಿದ್ದ ಅಕ್ಕ ಇನ್ನೂ ನಮ್ಮಲ್ಲೇ ಇದ್ದಳು. ಜ್ವರ ಬಂದು ಅವಳ ಎದೆಹಾಲು ಬತ್ತಿತ್ತು. ಆರು ತಿಂಗಳ ಕೂಸು ಅತ್ತೂ ಅತ್ತೂ ಸೋತಿತ್ತು. ಆ ಬೆಳಿಗ್ಗೆ ಅಕ್ಕ ಮೊಳಕೆ ರಾಗಿ ಬೀಸಿ, ನೀರಿನಲ್ಲಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿದಳು. ಬಟ್ಟೆಯಲ್ಲಿ ಉಳಿದ ಹೊಟ್ಟನ್ನು ಬೆರಳಿನಿಂದ ಒತ್ತಿ ನೋಡಿದವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಹೊಟ್ಟಿನ ನಡುವೆ ಕಲ್ಲಿನ ಸಣ್ಣ ಹರಳುಗಳು ಹೊಳೆಯುತ್ತಿದ್ದವು.

"ಅಪ್ಪಾ, ಇದನ್ನ ನನ್ನ ಕೂಸಿಗೆ ಕುಡಿಸ್ಲಾ?" ಎಂದಳು.

ಅಪ್ಪ ಎದ್ದು ಹೋಗಿ, ಊರಲ್ಲೇ ಉಳಿದಿದ್ದ ಮುದಿ ಕಲ್ಲುಕುಟಿಗ ತಾತನನ್ನು ಕರೆತಂದರು. ತಾತ ಕಲ್ಲಿಗೆ ಸುತ್ತಿಗೆ ತಾಗಿಸಿದ. ಒಡಕು ಮಡಕೆಯ ಸದ್ದು ಬಂತು.

"ಉಳಿ ಸಲೀಸಾಗಿ ಇಳೀತಾ ಗೌಡ್ರೇ?"

"ಹೂಂ ಕಣಪ್ಪಾ, ಬೆಣ್ಣೆ ಥರ."

"ಅಲ್ಲೇ ಎಡವಟ್ಟಾಗಿರೋದು. ಕಲ್ಲು ಅಷ್ಟು ಬೇಗ ಮಾತು ಕೇಳ್ಬಾರ್ದು. ಬಿಸಿಲು ಮಳೆ ತಿಂದು ತಿಂದು ಇದು ಆಗ್ಲೇ ಮಣ್ಣಾಗೋಕೆ ಹೊರಟೈತೆ. ನೋಡಿ, ಕರಿ ಚುಕ್ಕೆ ಎಲ್ಲಾ ತುಕ್ಕು ಬಣ್ಣ. ಆಳದ ಬಂಡೆ ತಟ್ಟಿದ್ರೆ ಗಣ್ ಅಂತೈತೆ." ಆಮೇಲೆ ನಮ್ಮ ಕಡೆ ತಿರುಗಿ, "ಮುದ್ದೆ ನುಂಗೋ ಮನೆ, ಹಲ್ಲಿಗೆ ಗೊತ್ತಾಗೋದಾದ್ರೂ ಹೆಂಗೆ?" ಎಂದ.

ಅಕ್ಕನಿಗೂ ನಗು ಬಂತು. ಅಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ಹತ್ತಿರ ಹೋಗಿ, "ಬಿಡಪ್ಪಾ, ಬಟ್ಟೆ ಹಿಡ್ಕೊಂತಲ್ಲ" ಎಂದಳು. ಮಿಕ್ಕ ಮೊಳಕೆ ರಾಗಿಯನ್ನು ಅಪ್ಪ ತಾವೇ ಒನಕೆ ಹಿಡಿದು ಒರಳಲ್ಲಿ ಕುಟ್ಟಿದರು. ಅಕ್ಕ ಎರಡು ಸಲ ಸೋಸಿ, ಬೆಲ್ಲ ಹಾಕಿ ಕಾಯಿಸಿದಳು. ಮನೆಯೆಲ್ಲ ಘಮಘಮ. ಕೂಸು ಚಪ್ಪರಿಸಿ ಕುಡಿದು ಅಲ್ಲೇ ನಿದ್ದೆ ಹೋಯಿತು. ಅಪ್ಪ ದೇವರ ಗೂಡಿನ ಮುಂದೆ ಬಹಳ ಹೊತ್ತು ನಿಂತಿದ್ದರು.

ಮಕ್ಕಳೇ, ನಿಮ್ಮ ರಾಗಿ ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ. ಕಲ್ಲಿನ ಸಂಗತಿ ಪುಸ್ತಕದಲ್ಲಿ ಬರುತ್ತದೆ. ಭೂಮಿಯೊಳಗಿನ ಬೆಂಕಿಯಂಥ ರಸ ಎಷ್ಟೋ ಕಾಲ ನಿಧಾನವಾಗಿ ಆರಿ, ಹರಳುಗಟ್ಟಿ ನಮ್ಮ ಕಡೆಯ ಬಂಡೆಯಾಯಿತಂತೆ. ಅದು ಸವೆದು ಮರಳು, ಮಣ್ಣು ಆಗುತ್ತದೆ. ಆ ಮಣ್ಣು ನೀರಿನ ತಳದಲ್ಲಿ ಪದರ ಪದರವಾಗಿ ಕೂತು, ಯುಗಗಳು ಕಳೆದ ಮೇಲೆ ಮತ್ತೆ ಕಲ್ಲಾಗುತ್ತದೆ. ದೇವರಿಗೆ ಅವಸರವೇ ಇಲ್ಲ. 'ಶಿಲೆ ಸವೆದು ಮಣ್ಣಾಗುತ್ತದೆ' ಎಂದು ನೀವು ಪರೀಕ್ಷೆಯಲ್ಲಿ ಒಂದು ಸಾಲು ಬರೆದು ಮುಗಿಸುತ್ತೀರಿ. ನಾವು ಆ ಸಾಲನ್ನು ಒಂದು ವಾರ ನುಂಗಿದೆವು. ಕೂಸಿನ ಬಾಯಿಗೆ ಮಾತ್ರ ಅದು ಹೋಗಲಿಲ್ಲ. ನನಗೆ ಇವತ್ತಿಗೂ ಅಷ್ಟು ಸಾಕು.