ಕೆಳಮನೆಯ ಸ್ವಿಚ್ಚು

ಕರೆಂಟಿಗೂ ಮೆಟ್ಟಿಲು ಹತ್ತಿ ಸುಸ್ತಾಗುತ್ತದೆ ಎಂದು ಲಕ್ಕಣ್ಣ ನಂಬಿದ್ದ. ರಾಜಾನುಕುಂಟೆಯ ಬುಡ್ಡಿದೀಪದಲ್ಲಿ ಓದಿ, ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ, ೧೯೬೧ರಲ್ಲಿ ಯಶವಂತಪುರದ ಹಳೇ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದವನು. ರಾತ್ರಿ ಊಟ ಮುಗಿಸಿ ಪುಸ್ತಕ ಹಿಡಿದರೆ ಸಾಕು, ಬಲ್ಬು ತಾನಾಗಿ ಆರಿಬಿಡುತ್ತಿತ್ತು. ಪಾಪ, ಹತ್ತುವ ಶ್ರಮ ಕಡಿಮೆಯಾಗಲಿ ಎಂದು ಉದ್ದನೆಯ ವೈರು ತಂದು ಬಲ್ಬನ್ನು ಮೊಣಕಾಲೆತ್ತರಕ್ಕೆ ಇಳಿಬಿಟ್ಟ. ಆಗಲೂ ಆರಿತು. "ಒಂದು ಚಾಪೆ ಹಾಸೋ, ಬಲ್ಬು ಮಲಗ್ಲಿ" ಎಂದು ಕಾರ್ಖಾನೆಯವರು ನಕ್ಕರು. ವಿಜ್ಞಾನದಲ್ಲಿ ಪಾಸಾದವನೆಂಬ ಹೆಮ್ಮೆಯೊಂದು ಅವನಿಗಿತ್ತು. ಅದೂ ಅಂದೇ ಆರಿತು.

ಆಮೇಲೆ ಒಂದು ಸಂಗತಿ ಕಿವಿಗೆ ಬಿತ್ತು. ಕೆಳಗೆ ದ್ರೌಪದಮ್ಮನ ಮನೆಯಲ್ಲಿ ಸ್ವಿಚ್ಚು ಟಕ್ ಎನ್ನುತ್ತಲೇ ಇವನ ಕೋಣೆ ಕತ್ತಲಾಗುತ್ತಿತ್ತು.

ದ್ರೌಪದಮ್ಮ ಒಂಟಿ ಹೆಂಗಸು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹರಿದ ಗೋಣಿಚೀಲ ಹೊಲಿಯುವ ಕೆಲಸ. ದಬ್ಬಣವನ್ನು ತುರುಬಿಗೆ ಸಿಕ್ಕಿಸಿಕೊಂಡೇ ನಸುಕಿನಲ್ಲಿ ಹೊರಡುವಳು. ವ್ಯಾಗನ್ನಿಗೆ ಹೇರುವ ಮೊದಲು ಚೀಲಗಳ ಬಾಯಿ ಮುಚ್ಚಬೇಕು. ಸೋರುವ ಚೀಲ ಕಂಡರೆ ಮೇಸ್ತ್ರಿಗಿಂತ ಮೊದಲು ಅವಳೇ ಹಮಾಲರನ್ನು ಬೈಯುವಳು. ಸಂಜೆ ಲೈಟು ಹಾಕಿದಾಗ ಬಲ್ಬಿಗೆ ಕೈಮುಗಿಯುವಳು. ಬೇಗ ಉಂಡು, ಬೇಗ ಮಲಗುವಳು.

ಲಕ್ಕಣ್ಣ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದ: "ಯಾಕ್ರೀ ಆರಿಸ್ತೀರಾ? ನಾನು ಓದೋದು ನಿಮ್ಗೆ ಹೊಟ್ಟೆಕಿಚ್ಚಾ?"

"ಮಲಗಾಕೆ ಆರಿಸ್ದೆ ಕಣಪ್ಪ. ನಿಂದೂ ಆರ್ತದೆ ಅಂತ ನಂಗೇನ್ ಗೊತ್ತು?" ಎಂದಳು ಅವಳು. "ಓದ್ಕಾ, ಉರೀಲಿ ಬುಡು."

ಅಂದಿನಿಂದ ಅವಳ ಲೈಟು ಆರಲಿಲ್ಲ. ಲಕ್ಕಣ್ಣ ಗೆದ್ದವನಂತೆ ಓದಿದ. ಬಡ್ತಿಗೆಂದು ಕಟ್ಟಿದ್ದ ಪರೀಕ್ಷೆ ಮುಗಿದ ಮೇಲೂ ಪತ್ತೇದಾರಿ ಕಾದಂಬರಿ ಓದಿದ. ಎಷ್ಟೋ ಸಲ ಸ್ವಿಚ್ಚು ಆರಿಸದೆಯೇ ಗೊರಕೆ ಹೊಡೆದ. ಕೆಳಗೆ ದ್ರೌಪದಮ್ಮ ಮುಖದ ಮೇಲೆ ಸೆರಗೆಳೆದು, ಉರಿಯುವ ಬಲ್ಬಿನಡಿ ಹೊರಳಾಡುತ್ತಿದ್ದಳು. ಹಗಲು ತೂಕಡಿಸಿ ದಬ್ಬಣ ಬೆರಳಿಗೆ ಚುಚ್ಚಿಕೊಂಡಳು. ಬಟ್ಟೆ ಸುತ್ತಿದ ಬೆರಳು ಕಂಡು, "ಏನ್ ದ್ರೌಪದಮ್ನೋರೆ, ಬೆರಳನ್ನೂ ಹೊಲಿದ್ಬಿಟ್ರಾ?" ಎಂದು ಅವನು ತಮಾಷೆ ಮಾಡಿದ್ದ.

ಒಂದು ಭಾನುವಾರ ಬೆಳಿಗ್ಗೆ ಮನೆ ಮಾಲೀಕ ಪಿಳ್ಳಪ್ಪ ಗೊರಗುಂಟೆಪಾಳ್ಯದಿಂದ ಸಿಟ್ಟಿನಲ್ಲೇ ಬಂದ. ಅವನೇ ಕಟ್ಟುವ ಕರೆಂಟ್ ಬಿಲ್ಲು ಏರಿತ್ತು. ದ್ರೌಪದಮ್ಮನ ಬಾಗಿಲಲ್ಲಿ ನಿಂತು ಗದರಿದ:

"ರಾತ್ರಿಯೆಲ್ಲಾ ಲೈಟು ಉರಿಸ್ತೀಯಂತೆ? ಮನೆ ಖಾಲಿ ಮಾಡು."

"ಇದ ಆರಿಸಿದ್ರೆ ಮ್ಯಾಲಿಂದೂ ಆರ್ತದೆ ಸಾಮಿ. ಅದ್ಕೇ ಬುಟ್ಟಿವ್ನಿ."

"ಕತೆ ಕಟ್ಬೇಡ! ಏನ್ ಲಕ್ಕಣ್ಣೋರೆ, ಹೌದಾ?"

ಮೆಟ್ಟಿಲ ಮೇಲಿದ್ದ ಲಕ್ಕಣ್ಣನ ಬಾಯಿಂದ ಬಂದದ್ದು: "ನಂಗೊತ್ತಿಲ್ಲ ಸಾರ್." ಬೀದಿಗೆಲ್ಲ ಕೇಳುವಂತೆ ಕೂಗಿದ್ದವನೇ ಹೀಗಂದು ಕೋಣೆಯೊಳಗೆ ಸರಿದ. ತಿಂಗಳ ಕೊನೆಯೊಳಗೆ ಬೀಗದ ಕೈ ಕೊಡಬೇಕೆಂದು ಹೇಳಿ ಪಿಳ್ಳಪ್ಪ ಹೊರಟುಹೋದ. ದ್ರೌಪದಮ್ಮ ಪಾತ್ರೆ ಮೂಟೆ ಕಟ್ಟಲು ಕುಳಿತಳು. ಶೆಡ್ಡಿನ ಹತ್ತಿರ ಬೇರೆ ಮನೆ ಸಿಗದಿದ್ದರೆ ಕೆಲಸವೂ ಹೋದಂತೆಯೇ.

ಲಕ್ಕಣ್ಣ ಊಟದ ತಟ್ಟೆ ಸರಿಸಿ ಎದ್ದ. ಹಳೇ ಮನೆಯಾದ್ದರಿಂದ ವೈರು ಗೋಡೆಯೊಳಗೆ ಅಡಗಿರಲಿಲ್ಲ, ಮರದ ಪಟ್ಟಿಯ ಮೇಲೆ ಕಾಣುವಂತೆಯೇ ಓಡಿತ್ತು. ತನ್ನ ಸ್ವಿಚ್ಚಿನಿಂದ ಹೊರಟು, ಕಣ್ಣಲ್ಲೇ ಅದರ ಬೆನ್ನು ಹತ್ತಿದ. ಅದು ಮಹಡಿ ಹಲಗೆಯ ತೂತಿನಿಂದ ಕೆಳಗಿಳಿದಿತ್ತು. ಅವಳನ್ನು ಕೇಳಿ ಕೆಳಮನೆಗೆ ಹೋಗಿ ತಲೆಯೆತ್ತಿದ. ವೈರು ಮೇನ್ ಸ್ವಿಚ್ಚಿನ ಕಡೆಗೆ ಹೋಗಿರಲೇ ಇಲ್ಲ. ದ್ರೌಪದಮ್ಮನ ಬಲ್ಬಿನ ನೆತ್ತಿಯಲ್ಲಿ, ಕಪ್ಪು ಟೇಪು ಸುತ್ತಿದ ಗಂಟಿಗೆ ಸೇರಿತ್ತು. ಅವಳ ಸ್ವಿಚ್ಚು ದಾಟಿ ಬಂದ ಕರೆಂಟೇ ಅವನಿಗೂ. ಅವಳು ಆರಿಸಿದರೆ ಇಬ್ಬರಿಗೂ ಕತ್ತಲು. ವೈರು ಉಳಿಸಲು ಯಾರೋ ಹತ್ತಿರದ ದಾರಿ ಹಿಡಿದಿದ್ದರು. ಆ ಬಲ್ಬಿನ ನೇರ ಕೆಳಗೇ ಅವಳ ಚಾಪೆ.

ಅವನು ಅಂದೇ ಗೊರಗುಂಟೆಪಾಳ್ಯಕ್ಕೆ ಸೈಕಲ್ ತುಳಿದ. ಪಿಳ್ಳಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದ.

"ದ್ರೌಪದಮ್ನೋರು ಹೇಳಿದ್ದು ನಿಜ ಸಾರ್. ಲೈಟು ಉರಿದದ್ದು ನನಗೋಸ್ಕರ. ನನಗೆ ಆವಾಗ್ಲೂ ಗೊತ್ತಿತ್ತು."

"ಮತ್ತೆ ಬೆಳಿಗ್ಗೆ ಬಾಯಲ್ಲೇನು ಕಡುಬಿತ್ತಾ?"

"ಹೆದರ್ಕೊಂಡೆ. ಯಾರಾದ್ರೂ ಖಾಲಿ ಮಾಡ್ಬೇಕು ಅಂದ್ರೆ ನಾನು ಮಾಡ್ತೀನಿ."

ಪಿಳ್ಳಪ್ಪ ಕೈಗಂಟಿದ ಹುಲ್ಲು ಕೊಡವಿ, "ಓದಿದೋರು ಬುಡಪ್ಪ ನೀವು. ಯಾರೂ ಖಾಲಿ ಮಾಡ್ಬೇಡಿ" ಎಂದ. ಮಾರನೇ ದಿನ ವೈರ್‌ಮನ್ ಮೆಹಬೂಬ್ ಪಾಷಾನನ್ನು ಕಳಿಸಿದ. ಮೇನಿನಿಂದ ಮಹಡಿಗೆ ಬೇರೆ ವೈರು ಓಡಿತು. ದ್ರೌಪದಮ್ಮ ಮೂಟೆ ಬಿಚ್ಚಿ ಪಾತ್ರೆಗಳನ್ನು ಗೂಡಿಗೆ ಸೇರಿಸಿದಳು.

ಸಂಜೆ ಲಕ್ಕಣ್ಣ ಬೇಕರಿಯ ಬನ್ನು ಹಿಡಿದು ಅವಳ ಬಾಗಿಲಲ್ಲಿ ನಿಂತ. ಬನ್ನು ಮುಂದೆ ಚಾಚಿ, "ದ್ರೌಪದಮ್ನೋರೆ, ನನ್ ಮೇಲೆ ಇನ್ನೂ ಕೋಪ ಇದ್ಯಾ?" ಎಂದು ಕೇಳಿದ.

ಅವಳು ಪೊಟ್ಟಣ ಬಿಚ್ಚಿ ನೋಡಿದಳು.

"ಐತೆ. ಬನ್ನೂ ತಿಂತೀನಿ, ಕೋಪಾನೂ ಇಟ್ಕಂತೀನಿ."