ಕಿಟಕಿಯ ಮೇಲಿನ ಬೊಟ್ಟು

ಅನಘಾ, ಸುಹಾಸ, ಮೊನ್ನೆ ನೀವಿಬ್ಬರೂ ಅಜ್ಜನ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಒಳಗೆ ಜರಿಹುಳದಂತೆ ಕಾಲು ಚಾಚಿ ಕುಳಿತ ಐಸಿ ಚಿಪ್ಪನ್ನು ನೋಡಿ, “ಇದಕ್ಕ್ಯಾಕಜ್ಜಿ ಬೊಟ್ಟು?” ಎಂದು ಕೇಳಿದಿರಿ. ನಾನು ಕಾಫಿ ಸೋಸುವ ನೆಪದಲ್ಲಿ ಒಳಗೆ ಹೋದೆ. ಎದುರು ಕುಳಿತು ಮಾತಾಡಲು ನನಗೆ ನಿಮ್ಮ ಮುಂದೆಯೂ ಸಂಕೋಚ. ಹೊಸನಗರದ ಕಡೆಯ ಹಳ್ಳಿಶಾಲೆಯಲ್ಲಿ ಕಲಿತ ಅಕ್ಷರಗಳ ಹಿಂದೆ ಅಡಗಿ ಕುಳಿತರೆ ಮಾತ್ರ ಮಾತು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಸಾಗರದಲ್ಲಿ ನಿಮ್ಮಜ್ಜನದು ರೇಡಿಯೊ ರಿಪೇರಿ ಅಂಗಡಿ. ಆ ವರ್ಷ ದಸರೆಗೆ ಭಜನಾಮಂದಿರದಲ್ಲಿ ನಾನೊಂದು ದೇವರನಾಮ ಹಾಡಬೇಕೆಂದು ಅವರ ಹಟ. ಅಡುಗೆಮನೆಯಲ್ಲಿ ಧಾರಾಳವಾಗಿ ಹಾಡುತ್ತಿದ್ದ ನನಗೆ ಹಾರ್ಮೋನಿಯಂ ಎದುರು ಗಂಟಲು ಕಟ್ಟುತ್ತಿತ್ತು, ಏಕೆಂದರೆ ಶ್ರುತಿ ಹಿಡಿಯುವವರು ಹಾಡುವವರ ಮುಖ ನೋಡುತ್ತಾರೆ. “ಹಂಗಾರೆ ಮುಖ ನೋಡದ ಶ್ರುತಿ ಮಾಡಿಕೊಡ್ತೀನಿ, ಹಾಡ್ತೀಯಾ?” ಎಂದರು. ಆಗಲಾರದ ಕೆಲಸವೆಂಬ ಧೈರ್ಯದಲ್ಲಿ ಹೂಂ ಎಂದುಬಿಟ್ಟೆ.

ಅವರು ಸಿಂಥಸೈಜರ್, ಅಂದರೆ ಕರೆಂಟಿನಿಂದ ಸ್ವರ ಹೊರಡಿಸುವ ಪೆಟ್ಟಿಗೆ, ಕಟ್ಟಲು ಕುಳಿತೇಬಿಟ್ಟರು. ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದ ಅವರ ಗೆಳೆಯ ನಾಗೇಶಣ್ಣ ಒಂದು ಭಾನುವಾರ ಬಿಡಿಭಾಗಗಳ ಡಬ್ಬಿಯನ್ನೇ ಹೊತ್ತು ತಂದರು. ಮೊದಲು ಕನ್ವರ್ಟರಿನ ಆಯ್ಕೆ. ಐಸಿಯ ಒಳಗಿರುವುದೆಲ್ಲ ಬರೀ ಅಂಕೆಗಳಂತೆ. ಅಂಕೆಯನ್ನು ಸ್ವರವಾಗಿಸುವುದು ಕನ್ವರ್ಟರಿನ ಕೆಲಸ. ಎಂಟು ಬಿಟ್‌ನದೊಂದು, ಹನ್ನೆರಡು ಬಿಟ್‌ನದೊಂದು. ಅವರಿಬ್ಬರೂ ಕಾಗದದ ಮೇಲೆ ವಾದ ಮಾಡುತ್ತ, ಒಂದೊಂದನ್ನೂ ಸ್ಪೀಕರಿಗೆ ಜೋಡಿಸಿ ನುಡಿಸುತ್ತಿದ್ದರೆ ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ಮೊದಲನೆಯದರ ಸ್ವರ ಕರಗುವಾಗ ಮರಳು ಉದುರಿದಂತೆ ಗರಗರ ಎಂದಿತು. ಎರಡನೆಯದರ ಸ್ವರವೋ, ಶರಾವತಿ ಹಿನ್ನೀರಿನ ಹೊಳೆಬಾಗಿಲು ಕಡವಿನಿಂದ ಹೊರಟ ಲಾಂಚಿನ ಸದ್ದು ನೀರಿನ ಮೇಲೆ ಸಣ್ಣಗಾಗುತ್ತ ಆಗುತ್ತ, ಯಾವಾಗ ನಿಂತಿತೆಂದೇ ತಿಳಿಯದ ಹಾಗೆ. “ಎರಡನೇದು,” ಎಂದೆ. ವಾದ ಅಲ್ಲಿಗೆ ಮುಗಿಯಿತು.

ಆಮೇಲೆ ಮೈಕ್ರೋಕಂಟ್ರೋಲರ್, ಅಂದರೆ ಲೆಕ್ಕ ನೆನಪಿಟ್ಟು ಪೆಟ್ಟಿಗೆಯನ್ನು ನಡೆಸುವ ಐಸಿ. ಒಂದು ಮೈಯೆಲ್ಲ ಮುಚ್ಚಿದ್ದು; ಒಮ್ಮೆ ಬರೆದರೆ ಮುಗಿಯಿತು. ಇನ್ನೊಂದರ ಬೆನ್ನಿಗೆ ಗಾಜಿನ ಪುಟ್ಟ ಕಿಟಕಿ. ವಿಶೇಷ ಬೆಳಕು ಹಾಯಿಸಿದರೆ ಬರೆದದ್ದು ಅಳಿಸಿ ಮತ್ತೆ ಬರೆಯಬಹುದು. ನಿಮ್ಮಜ್ಜನಿಗೆ ಮುಚ್ಚಿದ್ದೇ ಗಟ್ಟಿ ಎನಿಸಿತು. “ತಪ್ಪಾದ್ರೆ?” ಎಂದೆ. “ನಂದಾ? ತಪ್ಪಾ?” ಎಂದು ಅವರು ಎದೆಯುಬ್ಬಿಸಿದರೆ, ನಾಗೇಶಣ್ಣ ನಗುತ್ತ ಕಿಟಕಿಯದನ್ನೇ ಅವರ ಕೈಗಿಟ್ಟರು. ಮುಂದೆ ಅದನ್ನು ಶಿವಮೊಗ್ಗಕ್ಕೆ ಒಯ್ದು, ನಿಮ್ಮಜ್ಜ ಹಾಕಿಕೊಟ್ಟ ಸ್ವರಗಳ ಲೆಕ್ಕವನ್ನೆಲ್ಲ ಅದರಲ್ಲಿ ಬರೆಸಿ, ಕಿಟಕಿಗೊಂದು ಕಾಗದದ ಚೀಟಿ ಅಂಟಿಸಿ ಕಳಿಸಿಕೊಟ್ಟರು.

ಮಳೆಗಾಲ ಹಿಂದಾಗಿ ಬಿಸಿಲು ಬಂದಾಗ ನಮ್ಮ ಕಡೆ ಹೆಂಗಸರು ಎಂತ ಮಾಡುತ್ತಾರೆಂದು ನಿಮಗೆ ಗೊತ್ತಲ್ಲ. ಬೂಷ್ಟು ಹಿಡಿಯುವುದನ್ನೆಲ್ಲ ಅಂಗಳಕ್ಕೆ ತರುತ್ತೇವೆ. ಇನ್ನೂ ಪೆಟ್ಟಿಗೆಗೆ ಕೂರಿಸದ ಆ ಐಸಿಯನ್ನೂ, ನಿಮ್ಮಜ್ಜ ಅಂಗಡಿಗೆ ಹೋದ ಮೇಲೆ, ಹಪ್ಪಳದ ಚಾಪೆಯ ತುದಿಯಲ್ಲಿ ಒಂದು ತಟ್ಟೆಯಲ್ಲಿಟ್ಟು ಎಂಟು ದಿನ ಒಣಗಿಸಿದೆ. ತೇವಕ್ಕೆ ಬಿಟ್ಟುಕೊಂಡಿದ್ದ ಚೀಟಿಯನ್ನು ಕಿತ್ತೆಸೆದು, ಗಾಜನ್ನು ಸೆರಗಿನಿಂದ ಒರೆಸಿಯೂ ಇಟ್ಟೆ.

ಐಸಿಯನ್ನು ಕೂರಿಸಿ ಗುಂಡಿ ಒತ್ತಿದರೆ ಪೆಟ್ಟಿಗೆ ಉಸಿರೆತ್ತಲಿಲ್ಲ. ದಸರೆಗೆ ಐದೇ ದಿನ. ನಿಮ್ಮಜ್ಜ ಎರಡು ದಿನ ಊಟ ತಣ್ಣಗಾಗಿಸಿಕೊಂಡು, ತಮ್ಮ ಬೆಸುಗೆಯದೇ ತಪ್ಪೆಂದು ಒಂದೊಂದೇ ಬಿಚ್ಚಿ ಮತ್ತೆ ಹಾಕಿದರು. ನನಗೆ ಅಯ್ಯೋ ಎನಿಸಿದರೂ, ಒಳಗೊಳಗೇ ಹಗುರ. ಹಾಡುವುದು ತಪ್ಪಿತಲ್ಲ!

ಮೂರನೆಯ ದಿನ ನಾಗೇಶಣ್ಣ ಬಂದು ಐಸಿಯನ್ನು ತಿರುಗಿಸಿ ನೋಡಿದರು. “ಚೀಟಿ ಎಲ್ಲೋ? ಬಿಸಿಲಿಗೆ ಇಟ್ಟಿದ್ಯಾ ಮಾರಾಯಾ? ತುಂಬಾ ದಿನ ಬಿಸಿಲು ಬಿದ್ರೂ ಅಳಿಸಿ ಹೋಗ್ತದೆ.”

“ಬಿಸಿಲಿಗಿಡಕ್ಕೆ ಅದೇನು ಹಪ್ಪಳನಾ?” ಎಂದು ನಿಮ್ಮಜ್ಜ ರೇಗಿದರು.

ಒಲೆಯ ಮುಂದೆ ನನ್ನ ಕೈ ನಿಂತಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಹಾಡುವ ಕಷ್ಟವೂ ಇರಲಿಲ್ಲ. ಆದರೆ ಅವರ ಬೆರಳ ತುದಿಯ ಸುಟ್ಟ ಗುಳ್ಳೆಗಳನ್ನು ಬೆಳಿಗ್ಗೆ ನೋಡಿದ್ದೆ. ಹೊರಗೆ ಬಂದು, “ಹಪ್ಪಳದ ಜೊತೇಲೇ ಇಟ್ಟಿದ್ದೆ. ನಾನೇ,” ಎಂದೆ.

ನಿಮ್ಮಜ್ಜ ನಕ್ಕ ನಗೆಗೆ ಅವರ ಕಣ್ಣಲ್ಲಿ ನೀರು ಬಂತು. “ಎಂತ ಮಾರಾಯ್ತಿ, ಕರಿದಿದ್ರೆ ಸ್ವರಾನಾದ್ರೂ ಬರ್ತಿತ್ತೇನೋ! ಕಿಟಕಿ ಆರಿಸಿದೋಳೂ ನೀನೇ, ಬಚಾವಾದ್ವಿ.”

ನಾಗೇಶಣ್ಣ ಐಸಿಯನ್ನು ಶಿವಮೊಗ್ಗಕ್ಕೆ ಒಯ್ದು, ಮತ್ತೆ ಬರೆಸಿ ಹಬ್ಬದ ದಿನವೇ ತಂದರು. ಕಿಟಕಿ ಮುಚ್ಚಲು ಚೀಟಿ ಸಿಗಲಿಲ್ಲ. ನಾನು ಹಣೆಯ ಸ್ಟಿಕರ್ ಬೊಟ್ಟನ್ನೇ ಕಿತ್ತು ಅಂಟಿಸಿದೆ. ಕುಂಕುಮ ಇಟ್ಟುಕೊಂಡು ಹೋಗಿ, ಕಣ್ಣು ಮುಚ್ಚಿ ಹಾಡತೊಡಗಿದೆ. ಪೆಟ್ಟಿಗೆ ನನ್ನ ಮುಖ ನೋಡಲಿಲ್ಲ, ನಿಜ. ಆದರೆ ಅದರ ಪಕ್ಕ ಕುಳಿತಿದ್ದ ನಿಮ್ಮಜ್ಜ ಕೊನೆಯವರೆಗೂ ನೋಡಿದರು. ಗಂಟಲು ಕಟ್ಟಲಿಲ್ಲ.

ಈಗ ನಾನು ಬೊಟ್ಟಿಡುವುದಿಲ್ಲ. ಅವತ್ತಿನದು ಮಾತ್ರ ಅಲ್ಲೇ ಇದೆ, ಅಂಚು ಸ್ವಲ್ಪ ಮಾಸಿದೆ, ಅಷ್ಟೆ. ಅದರಡಿ ನಿಮ್ಮಜ್ಜನ ಲೆಕ್ಕ ಇನ್ನೂ ಅಳಿಸಿಲ್ಲ. ನಿನ್ನೆ ಗುಂಡಿ ಒತ್ತಿದೆ, ಷಡ್ಜ ಬಂತು. ಮಕ್ಕಳೇ, ಆ ಬೊಟ್ಟನ್ನು ಕೀಳಬೇಡಿ. ಈ ಹಾಳೆಗಳನ್ನೂ ಪೆಟ್ಟಿಗೆಯೊಳಗೇ ಮಡಚಿಟ್ಟು ಜೋಪಾನ ಮಾಡಿ. ಬೂಷ್ಟು ಬಂದರೂ ಸರಿ, ಬಿಸಿಲಿಗೆ ಮಾತ್ರ ಹಾಕಬೇಡಿ.